ಮಿ-26ರ ಬಿಡಿಭಾಗ ನಾವೇ ಮಾಡಿಕೊಂಡರೆ ಆಗಲ್ವಾ?

ಪ್ರಶ್ನೆ: ವಾಯುಪಡೆಯ ದೈತ್ಯ ಹೆಲಿಕಾಪ್ಟರ್ ಮಿ-26 ಚಂಡೀಗಢದಲ್ಲಿ ವರ್ಷಗಟ್ಟಲೆ ಹಾರದೆ ನಿಂತಿತ್ತು ಅಂತ ಓದಿದೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಇದೆ, ತುಮಕೂರಿನಲ್ಲೂ ಹೆಲಿಕಾಪ್ಟರ್ ಕಾರ್ಖಾನೆ ಆಯಿತು. ಬಿಡಿಭಾಗ ನಾವೇ ಮಾಡಿಕೊಳ್ಳೋಕೆ ಏನಡ್ಡಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಅಡ್ಡಿ ಲೆಕ್ಕದ್ದು ಸ್ವಾಮಿ. ನಾವು ಸೋವಿಯತ್ ಒಕ್ಕೂಟದಿಂದ ತಂದದ್ದೇ ನಾಲ್ಕು, ಅದೂ 1980ರ ದಶಕದಲ್ಲಿ. 2010ರ ಡಿಸೆಂಬರ್‌ನಲ್ಲಿ ಒಂದು ಜಮ್ಮುವಿನಲ್ಲಿ ಬಿದ್ದು ಹೋಯಿತು. ಉಳಿದ ಮೂರಕ್ಕೋಸ್ಕರ ಅಚ್ಚು (ಡೈ) ಮಾಡಿಸಿ, ಪರೀಕ್ಷೆ ನಡೆಸಿ, ಸರ್ಟಿಫಿಕೇಟ್ ತರುವ ಖರ್ಚು ಯಾವ ಕಾರ್ಖಾನೆಗೂ ಗಿಟ್ಟಲ್ಲ. ನಮ್ಮ ಎಚ್‌ಎಎಲ್‌ನದೇ ಹೆಲಿಕಾಪ್ಟರ್ ಧ್ರುವ್ ನೂರಾರು ಇವೆ, ಅದರ ಮಾತೇ ಬೇರೆ.

ಜೊತೆಗೆ ಇದು ಸಣ್ಣಪುಟ್ಟ ಯಂತ್ರ ಅಲ್ಲ. 20 ಟನ್ ಎತ್ತುತ್ತದೆ. ಎಂಟು ರೆಕ್ಕೆಯ ರೋಟರ್, ಈ ತುದಿಯಿಂದ ಆ ತುದಿಗೆ 32 ಮೀಟರ್. ಒಂದೊಂದು ಎಂಜಿನ್ನಿಗೂ ಸುಮಾರು 11,400 ಅಶ್ವಶಕ್ತಿ. ಅಂಥ ಎರಡು ಎಂಜಿನ್ನಿನ ಬಲವನ್ನು, ತಿರುಗುವ ವೇಗ ತಗ್ಗಿಸಿ, ರೋಟರಿಗೆ ಕೊಡುವ ಗೇರ್‌ಬಾಕ್ಸ್ ಒಂದೇ ಮೂರೂವರೆ ಟನ್ ಮೇಲೆ ತೂಗುತ್ತದೆ. ಇದನ್ನು ನೋಡಿ ಅಳತೆ ತೆಗೆದು ಮಾಡೋಕಾಗಲ್ಲ.

ನಾನು ವಾಯುಪಡೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡಿದವನು. ರಷ್ಯಾದ ಮರದ ಪೆಟ್ಟಿಗೆ ಬಿಚ್ಚಿದರೆ ಮೊದಲು ಗ್ರೀಸ್ ವಾಸನೆ, ಆಮೇಲೆ ಎಣ್ಣೆ ಕಾಗದ, ಅದರೊಳಗೆ ಪಾರ್ಟು. ಪಕ್ಕದಲ್ಲೇ ತೆಳ್ಳನೆಯ ಒಂದು ಪುಸ್ತಕ. ನಾವದಕ್ಕೆ ಪಾಸ್‌ಪೋರ್ಟ್ ಅಂತಿದ್ದೆವು. ಸೀರಿಯಲ್ ನಂಬರ್, ಓಡಿದ ಗಂಟೆ, ಬಿಚ್ಚಿದ ತಾರೀಕು, ಎಲ್ಲ ಅದರಲ್ಲೇ. ಪಾರ್ಟಿಗೆ ಎರಡು ಆಯಸ್ಸು: ಓಡಿದ ಗಂಟೆಯ ಲೆಕ್ಕದ್ದೊಂದು, ಕ್ಯಾಲೆಂಡರಿನ ಲೆಕ್ಕದ್ದೊಂದು. ಹಾರದೆ ಸುಮ್ನೆ ನಿಂತಿದ್ದರೂ ಎರಡನೆಯದು ಮುಗಿಯುತ್ತಲೇ ಇರುತ್ತದೆ. ಪಾಸ್‌ಪೋರ್ಟ್ ಕಳೆದರೆ ಪಾರ್ಟು ಎಷ್ಟೇ ಹೊಸದಿರಲಿ, ವಿಮಾನಕ್ಕೆ ಹಾಕೋ ಹಾಗಿಲ್ಲ. ಸ್ಟೋರ್ಸ್‌ನವರು ಕಾಗದಕ್ಕೆ ಜೋತುಬೀಳ್ತಾರೆ ಅಂತ ಲೈನ್‌ನವರು, ಅಂದರೆ ಹೆಲಿಕಾಪ್ಟರ್ ಹತ್ತಿರ ನಿಂತು ರಿಪೇರಿ ಮಾಡುವವರು, ಬೈಯುತ್ತಿದ್ದರು. ಬೈಯಲಿ ಬಿಡಿ.

ಇನ್ನೊಂದು ತೊಡಕಿದೆ. ಹೆಲಿಕಾಪ್ಟರ್ ತಯಾರಾಗೋದು ರಷ್ಯಾದ ರೊಸ್ತೋವ್‌ನಲ್ಲಿ. ಅದರ ಡಿ-136 ಎಂಜಿನ್ ಬಂದದ್ದು ಉಕ್ರೇನಿನ ಜಪೋರಿಜಿಯಾದಿಂದ. ನಾವು ಕೊಂಡಾಗ ಎರಡೂ ಸೋವಿಯತ್ ಒಕ್ಕೂಟದ ಊರುಗಳೇ. 2014ರಲ್ಲಿ ಆ ಎರಡು ದೇಶಗಳ ನಡುವೆ ಕೆಟ್ಟಿತು. ಈಗಂತೂ ಯುದ್ಧ.

ನಿಮ್ಮ ಆಸೆ ಬೇರೆ ಕಡೆ ಸ್ವಲ್ಪ ಈಡೇರಿದೆ. 2019ರ ಮಾರ್ಚ್‌ನಲ್ಲಿ ಅದೇ ಚಂಡೀಗಢಕ್ಕೆ ಅಮೆರಿಕದ ಭಾರ ಎತ್ತುವ ಹೆಲಿಕಾಪ್ಟರ್ ಚಿನೂಕ್ ಬಂತು. ಒಟ್ಟು 15 ತರಿಸಿದೆವು. ಎತ್ತುವ ಭಾರ ಮಿ-26ರ ಅರ್ಧದಷ್ಟು. ಆದರೆ ಪ್ರಪಂಚದಲ್ಲಿ ಇದು ಸಾವಿರಕ್ಕೂ ಜಾಸ್ತಿ ತಯಾರಾಗಿದೆ, ಪಾರ್ಟು ಸಿಗುತ್ತದೆ. ಸರಕು ಹತ್ತಿಸುವ ಅದರ ಹಿಂಬದಿಯ ರ್‍ಯಾಂಪ್ ಇದೆಯಲ್ಲ, ಅದನ್ನು ಬೋಯಿಂಗ್‌ಗೆ ಮಾಡಿಕೊಡುವುದು ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ.

ಹಾಗಂತ ಚಿನೂಕ್‌ಗೆ ಬಿಡಿಭಾಗದ ಕಾಟವೇ ಇಲ್ಲ ಅಂದುಕೊಳ್ಳಬೇಡಿ. 2022ರಲ್ಲಿ ಅಮೆರಿಕದ ಭೂಸೇನೆ ತನ್ನ ಸುಮಾರು 400 ಚಿನೂಕ್‌ಗಳನ್ನು ಒಟ್ಟಿಗೆ ಹಾರಿಸದೆ ನಿಲ್ಲಿಸಿತು. ಕೆಲವು ಎಂಜಿನ್ನುಗಳಲ್ಲಿ ಇಂಧನ ಸೋರಿ ಬೆಂಕಿ ಕಾಣಿಸಿತ್ತು. ಹುಡುಕಿದರೆ, ನಿಗದಿಗೆ ತಕ್ಕಂತಿಲ್ಲದ ಓ-ರಿಂಗ್, ಅಂದರೆ ಸೋರದಂತೆ ಹಾಕುವ ಸಣ್ಣ ಬಳೆ! ನಮ್ಮವರು ಬೋಯಿಂಗ್‌ನಿಂದ ವಿವರ ತರಿಸಿಕೊಂಡರು, ಹಾರಾಟ ಮಾತ್ರ ನಿಲ್ಲಿಸಲಿಲ್ಲ.