ತಲೆಸುತ್ತು ಇರುವವರು ವಂಡರ್‌ಲಾಗೆ ಹೋಗಬಹುದೇ?

ಮಗ್ಗುಲು ಬದಲಿಸಿದಾಗಲೆಲ್ಲ ತಲೆಸುತ್ತು ಬರುತ್ತದೆ, ಮಕ್ಕಳೊಂದಿಗೆ ಬಿಡದಿಯ ವಂಡರ್‌ಲಾಗೆ ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಬಹುದು, ಎಲ್ಲ ಆಟಗಳನ್ನೂ ಏರುವಂತಿಲ್ಲ, ಅಷ್ಟೇ. ವೈದ್ಯರು ಇದನ್ನು ಬಿಪಿಪಿವಿ (ತಲೆಯ ಭಂಗಿ ಬದಲಾದಾಗ ಬರುವ ತಲೆಸುತ್ತು) ಎಂದು ಗುರುತಿಸಿದ್ದರೆ, ಒಳಗಿವಿಯ ಸೂಕ್ಷ್ಮ ಕ್ಯಾಲ್ಸಿಯಂ ಹರಳುಗಳು ಜಾಗ ಬಿಟ್ಟು ಅರ್ಧವೃತ್ತಾಕಾರದ ನಾಳಗಳನ್ನು ಸೇರಿ, ತಲೆ ವಾಲಿದಾಗಲೆಲ್ಲ ಮಿದುಳಿಗೆ ತಪ್ಪು ಸಂಕೇತ ಕಳುಹಿಸುತ್ತಿವೆ ಎಂದರ್ಥ. ಆದ್ದರಿಂದ ಹೊರಡುವ ಮೊದಲೇ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಎಪ್ಲಿ ವಿಧಾನ (ತಲೆಯನ್ನು ಹಂತಹಂತವಾಗಿ ತಿರುಗಿಸಿ ಆ ಹರಳುಗಳನ್ನು ನಾಳದಿಂದ ಹೊರಗೆ ಸರಿಸುವ ಚಿಕಿತ್ಸೆ) ಮಾಡಿಸಿಕೊಳ್ಳುವುದು, ನನ್ನ ಅಭಿಪ್ರಾಯದಲ್ಲಿ, ಮಾತ್ರೆಗಿಂತ ಮೇಲು. ತಲೆಕೆಳಗಾಗಿಸುವ ರೋಲರ್ ಕೋಸ್ಟರ್‌ಗಳನ್ನೂ ಗಿರಗಿರನೆ ತಿರುಗುವ ಆಟಗಳನ್ನೂ, ಮಕ್ಕಳು ಎಷ್ಟೇ ಗೋಗರೆದರೂ, ಬಿಟ್ಟುಬಿಡಿ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್ ಮಾತ್ರೆ ನಿದ್ದೆ ತರಿಸುವುದರಿಂದ ಅದನ್ನು ನುಂಗಿ ಮೈಸೂರು ರಸ್ತೆಯಲ್ಲಿ ಕಾರು ಓಡಿಸಬೇಡಿ. ಸುತ್ತು ಬಂದರೆ ಅಲ್ಲೇ ಕುಳಿತು, ಕದಲದ ಒಂದು ವಸ್ತುವನ್ನು ದಿಟ್ಟಿಸಿ. ಮಾತು ತೊದಲಿದರೆ ಅಥವಾ ವಸ್ತುಗಳು ಎರಡೆರಡಾಗಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.