ಸಾವಿನ ಸುಳಿವು ಮೊದಲೇ ಕೊಡಬೇಕೇ?

ಪ್ರಶ್ನೆ: ‘ಆರ್ಕೈವ್ ಆಫ್ ಅವರ್ ಓನ್’ ತಾಣಕ್ಕೆ ಫ್ಯಾನ್ ಫಿಕ್ಷನ್ (ಮೆಚ್ಚಿನ ಕಥೆಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ) ಬರೆಯುತ್ತಿದ್ದೇನೆ. ಹನ್ನೊಂದನೇ ಅಧ್ಯಾಯದಲ್ಲಿ ನಾಯಕಿ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಎಚ್ಚರಿಕೆ ಹಾಕಿದರೆ ಕುತೂಹಲ ಸಾಯುವುದಿಲ್ಲವೇ?

ಉತ್ತರ: ಒಂದಿಷ್ಟು ಸಾಯುತ್ತದೆ, ನಿಜ. ಆದರೂ ಹಾಕಿ. ಆ ತಾಣ ಕಡ್ಡಾಯ ಪಟ್ಟಿಯಲ್ಲಿ ಇಟ್ಟಿರುವುದು ನಾಲ್ಕೇ ಎಚ್ಚರಿಕೆ: ಭೀಕರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ. ಗುಟ್ಟು ಬಿಡಲು ಮನಸ್ಸಿಲ್ಲದಿದ್ದರೆ ‘ಲೇಖಕರು ಎಚ್ಚರಿಕೆ ನೀಡಿಲ್ಲ’ ಎಂಬ ಆಯ್ಕೆಯೂ ಇದೆ. ಓದುಗರು ತಮ್ಮ ಹೊಣೆಯ ಮೇಲೆ ಓದುತ್ತಾರೆ. ‘ಯಾವ ಎಚ್ಚರಿಕೆಯೂ ಅನ್ವಯಿಸದು’ ಎಂಬುದನ್ನು ಮಾತ್ರ ಒತ್ತಬೇಡಿ. ಅದು ಸುಳ್ಳಾಗುತ್ತದೆ, ದೂರು ಬಂದರೆ ತಾಣದವರು ಪ್ರಶ್ನಿಸುತ್ತಾರೆ.

ಆತ್ಮಹತ್ಯೆ ಆ ನಾಲ್ಕರಲ್ಲಿ ಇಲ್ಲವಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಅದನ್ನು ಕಥೆಯ ವಿಷಯ ಸೂಚಿಸುವ ಹೆಚ್ಚುವರಿ ಟ್ಯಾಗ್‌ನಲ್ಲಿ ನೀವೇ ಸೇರಿಸಬೇಕು, ಅದೂ ಎಲ್ಲರೂ ಬಳಸುವ ನೇರ ಪದದಲ್ಲಿ. ‘ಕಣ್ಣೀರಿಗೆ ಕರವಸ್ತ್ರ ಇಟ್ಟುಕೊಳ್ಳಿ’ ಎಂಬಂಥ ಟ್ಯಾಗ್ ಚಂದವೇನೋ ಹೌದು, ಆದರೆ ಆ ವಿಷಯವನ್ನೇ ಹೊರಗಿಟ್ಟು ಹುಡುಕುವವರ ಫಿಲ್ಟರ್‌ಗೆ ಅದು ಸಿಗುವುದಿಲ್ಲ.

ಹನ್ನೊಂದನೇ ಅಧ್ಯಾಯದ ಆರಂಭದ ಟಿಪ್ಪಣಿಯಲ್ಲಿ ‘ಆತ್ಮಹತ್ಯೆಯ ದೃಶ್ಯವಿದೆ, ವಿವರ ಕೊನೆಯಲ್ಲಿ’ ಎಂದಷ್ಟೇ ಬರೆಯಿರಿ. ಯಾರು, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಬಿಟ್ಟು ಓದಬಹುದು ಎಂಬುದು ಕೊನೆಯ ಟಿಪ್ಪಣಿಗೆ ಹೋಗಲಿ. ಬೇಕಾದವರು ಅಲ್ಲಿಗೆ ಇಳಿದು ನೋಡಿಕೊಳ್ಳುತ್ತಾರೆ, ಉಳಿದವರ ಕುತೂಹಲಕ್ಕೆ ಹೆಚ್ಚೇನೂ ಧಕ್ಕೆಯಿಲ್ಲ. ಸಾಯುವ ವಿಧಾನದ ವಿವರ ಟಿಪ್ಪಣಿಯಲ್ಲಂತೂ ಬೇಡವೇ ಬೇಡ.