ಕೊನೆಗೆ ಹೆಕ್ಕಿ ತೆಗೆದರೆ ಹಪ್ಪಳ ಒಳ್ಳೇದಾಗುತ್ತಾ?

ಪ್ರಶ್ನೆ: ನಾವು ಎಂಟು ಹೆಂಗಸರು ಸೇರಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಹೋದ ವರ್ಷ ಬೆಂಗಳೂರಿನ ಅಂಗಡಿಯವರು ಎರಡು ಸಲ ಹಪ್ಪಳ ವಾಪಸ್ ಕಳಿಸಿದರು. ಅದಕ್ಕೇ ಈಗ ಪ್ಯಾಕ್ ಮಾಡುವ ಮುಂಚೆ ಬರೀ ನೋಡೋಕೆ ಅಂತ ಇಬ್ಬರನ್ನು ಕೂರಿಸಿದ್ದೇವೆ. ಖರ್ಚು ಜಾಸ್ತಿ ಆಯ್ತು, ದೂರು ಕಡಿಮೆ ಆಗಿಲ್ಲ. ಏನು ಮಾಡಬೇಕು?
– ಓದುಗರು, ಶಿರಸಿ

ಉತ್ತರ: ಉತ್ತರ ನಿಮ್ಮ ಅಂಗಳದಲ್ಲೇ ಇದೆ. ಚಾಲಿ ಅಡಕೆ ಒಂದು ತಿಂಗಳಿಗೂ ಮೇಲೆ ಬಿಸಿಲಲ್ಲಿ ಒಣಗಬೇಕು, ಅಲ್ವಾ? ನಡುವೆ ಅಕಾಲದ ಮಳೆ ಬಂದು, ನೆನೆದು, ಒಳಗೆ ಬೂಸ್ಟು ಹಿಡಿದರೆ ಆಮೇಲೆ ಸುಲಿದು ಎಷ್ಟು ಕಣ್ಣು ಬಿಟ್ಟು ಆರಿಸಿದರೂ ಕೆಟ್ಟದ್ದು ಒಂದು ರಾಶಿ, ಒಳ್ಳೇದು ಒಂದು ರಾಶಿ ಆಗುತ್ತದೆ ಅಷ್ಟೇ. ಕೆಟ್ಟದ್ದು ಒಳ್ಳೇದಾಗುವುದಿಲ್ಲ. ನಷ್ಟ ಅಂಗಳದಲ್ಲೇ ಆಗಿಹೋಗಿದೆ. ಹಪ್ಪಳಕ್ಕೂ ಇದೇ ಲೆಕ್ಕ.

ಎಡ್ವರ್ಡ್ಸ್ ಡೆಮಿಂಗ್ ಅಂತ ಅಮೆರಿಕದ ಒಬ್ಬ ಸಂಖ್ಯಾಶಾಸ್ತ್ರಜ್ಞರಿದ್ದರು. 1950ರಲ್ಲಿ ಅವರು ಜಪಾನಿಗೆ ಹೋಗಿ ಕಾರ್ಖಾನೆಗಳ ಎಂಜಿನಿಯರುಗಳಿಗೂ ಯಜಮಾನರಿಗೂ ಗುಣಮಟ್ಟದ ಪಾಠ ಮಾಡಿದರು. ಯುದ್ಧದಲ್ಲಿ ಸೋತ ಜಪಾನಿನ ಸಾಮಾನು ಅಂದ್ರೆ ಆಗ ಅಗ್ಗದ್ದು, ಬಾಳಿಕೆ ಬರದ್ದು ಅನ್ನುವ ಹೆಸರು. ಮರುವರ್ಷವೇ ಅಲ್ಲಿ ಅವರ ಹೆಸರಲ್ಲಿ ಒಂದು ಪ್ರಶಸ್ತಿ ಶುರುವಾಯಿತು. ಅವರು ಆಮೇಲೆ ಬರೆದ 14 ಸೂತ್ರಗಳಲ್ಲಿ ಒಂದು ಹೀಗಿದೆ: ಕೊನೆಯ ತಪಾಸಣೆಯನ್ನು ನೆಚ್ಚಿಕೊಳ್ಳುವುದು ಬಿಡಿ, ಗುಣವನ್ನು ಕೆಲಸದೊಳಗೇ ಕೂರಿಸಿ. ಇನ್ನೊಂದು ವಿಷಯ, ಇಬ್ಬರನ್ನು ಕೂರಿಸಿದಾಗ ಮೊದಲನೆಯವಳು ಎರಡನೆಯವಳು ನೋಡುತ್ತಾಳೆ ಅಂದುಕೊಳ್ಳುತ್ತಾಳೆ, ಎರಡನೆಯವಳು ಮೊದಲನೆಯವಳು ಆಗಲೇ ನೋಡಿದ್ದಾಳಲ್ಲ ಅಂದುಕೊಳ್ಳುತ್ತಾಳೆ. ನೋಡುವವರು ಜಾಸ್ತಿ ಆದಷ್ಟೂ ನೋಡುವುದು ಕಡಿಮೆ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ವಾಪಸ್ ಬಂದ ಹಪ್ಪಳವನ್ನು ಚಾಪೆ ಮೇಲೆ ಹರವಿ. ಯಾಕೆ ವಾಪಸ್ ಬಂತು ಅಂತ ಬೇರೆ ಬೇರೆ ಗುಡ್ಡೆ ಮಾಡಿ: ಒಡೆದದ್ದು, ಬೂಸ್ಟು ಬಂದದ್ದು, ಕರಿದಾಗ ಅರಳದೆ ಇರುವುದು, ಉಪ್ಪು ಜಾಸ್ತಿ ಆದದ್ದು. ಸಾಮಾನ್ಯವಾಗಿ ಒಂದೆರಡು ಗುಡ್ಡೆಯೇ ದೊಡ್ಡದಿರುತ್ತವೆ, ಉಳಿದವು ಚಿಲ್ಲರೆ. ಜೋಸೆಫ್ ಜುರಾನ್ ಅನ್ನುವವರು ಪಾರೆಟೋ ಸೂತ್ರ ಅಂತ ಹೇಳಿದ್ದು ಇದನ್ನೇ. ಮೊದಲು ಆ ದೊಡ್ಡ ಗುಡ್ಡೆಯ ಬೆನ್ನು ಹತ್ತಿ.

ಈಗ ಒಂದು ಹಾಳೆ ತೆಗೆದುಕೊಂಡು ಬಂಗಡೆ ಮೀನಿನ ಮುಳ್ಳಿನ ಹಾಗೆ ಗೆರೆ ಎಳೆಯಿರಿ. (ಶಿರಸಿ ಕಡೆಯವರು ತೆಂಗಿನ ಗರಿ ಅಂದುಕೊಂಡರೂ ಆದೀತು.) ತಲೆಯ ಜಾಗದಲ್ಲಿ ತೊಂದರೆ ಬರೆಯಿರಿ, ‘ಹಪ್ಪಳ ಅರಳುವುದಿಲ್ಲ’ ಅಂತ. ಒಂದೊಂದು ಮುಳ್ಳಿಗೆ ಒಂದೊಂದು ಕಾರಣ: ಕಾಯಿ ಎಷ್ಟು ಬೆಳೆದಿತ್ತು, ಎಷ್ಟು ಹೊತ್ತು ಬೆಂದಿತು, ಯಾರು ಒತ್ತಿದರು, ದಪ್ಪ ಎಷ್ಟು, ಎಷ್ಟು ಬಿಸಿಲು ಸಿಕ್ಕಿತು. ಇದು ಜಪಾನಿನ ಕವೊರು ಇಶಿಕಾವಾ ಕೊಟ್ಟ ಚಿತ್ರ. ಇದನ್ನು ಒಬ್ಬರೇ ಕೂತು ಬರೆಯಬೇಡಿ, ಎಂಟೂ ಜನ ಕೂತು ಬರೆಯಿರಿ. ಹಿಟ್ಟು ಕುಟ್ಟುವವರಿಗೆ ಗೊತ್ತಿರುವುದು ಲೆಕ್ಕ ಬರೆಯುವವರಿಗೆ ಗೊತ್ತಿರುವುದಿಲ್ಲ.

ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಉಪ್ಪನ್ನು ಕೈ ಅಳತೆಯಲ್ಲಿ ಹಾಕುವುದು ಬಿಟ್ಟು ತಕ್ಕಡಿಯಲ್ಲಿ ತೂಗಿ ಹಾಕಿ, ಒಂದು ದಿನದ ಹಪ್ಪಳವನ್ನು ಬೇರೆ ಇಡಿ, ಕರಿದು ನೋಡಿ, ಚೆನ್ನಾಗಿದ್ದರೆ ಅದೇ ಪದ್ಧತಿ, ಇಲ್ಲದಿದ್ದರೆ ಇನ್ನೊಂದು. ಯೋಚಿಸು, ಮಾಡು, ನೋಡು, ತಿದ್ದು. ಪುಸ್ತಕಗಳಲ್ಲಿ ಇದಕ್ಕೇ ಪಿಡಿಸಿಎ (ಪ್ಲಾನ್, ಡು, ಚೆಕ್, ಆಕ್ಟ್) ಅಂತ ದೊಡ್ಡ ಹೆಸರು. ಉಪ್ಪು ತೂಗುವುದಕ್ಕೆ ಹಿರಿಯರು ಸಿಟ್ಟು ಮಾಡಿಕೊಳ್ಳುತ್ತಾರೆ, ಅದು ಗೊತ್ತು. ಅವರ ಕೈಯಲ್ಲೇ ಹಾಕಿಸಿ, ಹಾಕಿದ್ದನ್ನು ತೂಗಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಗೇರುಬೀಜ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಸಿಪ್ಪೆ ಸುಲಿಯುವಾಗ ಬೀಜ ಒಡೆಯುವುದು ಜಾಸ್ತಿ. ಯಾರ ಬುಟ್ಟಿಯಲ್ಲಿ ತುಂಡು ಹೆಚ್ಚೋ ಅವರಿಗೆ ದಂಡ ಹಾಕಿ ಅಂತ ಮಾಲೀಕರು ಹೇಳುತ್ತಾರೆ. ಸರಿಯೇ?
– ಓದುಗರು, ಕುಮಟಾ

ಉತ್ತರ: ಮಾಲೀಕರ ಸಂಕಟ ಅರ್ಥ ಆಗುತ್ತದೆ. ಇಡೀ ಬೀಜ ಆದರೆ ಡಬ್ಲ್ಯೂ 240, ಡಬ್ಲ್ಯೂ 320 ಅನ್ನುವ ದರ್ಜೆಯಲ್ಲಿ ಒಳ್ಳೆ ದರಕ್ಕೆ ಹೋಗುತ್ತದೆ, ತುಂಡಾದರೆ ದರ ಬಿತ್ತು. ಆದರೂ ದಂಡ ಬೇಡ ಅಂತಲೇ ಹೇಳುತ್ತೇನೆ.

ಡೆಮಿಂಗ್ ಒಂದು ಆಟ ಆಡಿಸುತ್ತಿದ್ದರು. ಡಬ್ಬದಲ್ಲಿ 3200 ಬಿಳಿ ಮಣಿ, 800 ಕೆಂಪು ಮಣಿ. 50 ಗುಳಿ ಇರುವ ಒಂದು ಹಲಗೆ. ‘ಕೆಲಸಗಾರರು’ ಒಬ್ಬೊಬ್ಬರಾಗಿ ಹಲಗೆ ಅದ್ದಿ ತೆಗೆಯಬೇಕು, ಬಿಳಿ ಮಾತ್ರ ಬರಬೇಕು, ಕೆಂಪು ಬಂದರೆ ತಪ್ಪು. ಒಬ್ಬನಿಗೆ 6 ಕೆಂಪು ಬರುತ್ತದೆ, ಅವನಿಗೆ ಶಹಬ್ಬಾಸ್. ಇನ್ನೊಬ್ಬನಿಗೆ 14, ಅವನಿಗೆ ಬೈಗುಳ. ಮುಂದಿನ ಸುತ್ತಿನಲ್ಲಿ ಶಹಬ್ಬಾಸ್ ಸಿಕ್ಕವನಿಗೇ 13 ಬಂದಿರುತ್ತದೆ! ನೋಡುವವರೆಲ್ಲ ನಗುತ್ತಾರೆ, ಯಾಕೆಂದರೆ ಕೆಂಪು ಮಣಿ ಹಾಕಿದ್ದು ಕೆಲಸಗಾರರಲ್ಲ, ಡಬ್ಬ ತುಂಬಿಸಿದವರು. ತೊಂದರೆಗಳಲ್ಲಿ ನೂರಕ್ಕೆ ಸುಮಾರು 94 ಪಾಲು ವ್ಯವಸ್ಥೆಯದ್ದು ಅಂತ ಡೆಮಿಂಗ್ ತಮ್ಮ ಅನುಭವದ ಮೇಲೆ ಅಂದಾಜು ಹೇಳಿದ್ದರು.

ನಿಮ್ಮಲ್ಲಿ ಕೆಂಪು ಮಣಿ ಯಾವುದು ಹುಡುಕಿ. ಬೀಜ ಸರಿಯಾಗಿ ಒಣಗದೆ ಬಂತಾ, ಹಬೆ ಹೆಚ್ಚು ಕಡಿಮೆ ಆಯ್ತಾ, ಸಣ್ಣದು ದೊಡ್ಡದು ಒಟ್ಟಿಗೇ ಬಂತಾ? ಒಂದು ವಾರ ಯಾವ ಲೋಡಿನಿಂದ ಎಷ್ಟು ತುಂಡು ಅಂತ ಬರೆದಿಡಿ. ಸುಲಿಯುವ ಕೋಣೆಯಲ್ಲಿ ಎಲ್ಲರಿಗೂ ಒಂದೇ ದಿನ ತುಂಡು ಏರಿದ್ದರೆ ಅದು ಒಬ್ಬಳ ಕೈಯ ತಪ್ಪಲ್ಲ. ಒಬ್ಬಳಿಗೆ ಮಾತ್ರ ವಾರವಿಡೀ ಎಲ್ಲರಿಗಿಂತ ಬಹಳ ಹೆಚ್ಚು ಬರುತ್ತಿದ್ದರೆ, ಮೊದಲು ಅವಳ ಕತ್ತಿ ನೋಡಿ, ಕೂರುವ ಜಾಗದ ಬೆಳಕು ನೋಡಿ, ಆಮೇಲೆ ಕಲಿಸಿ. ದಂಡ ಹಾಕಿದರೆ ತುಂಡು ಕಡಿಮೆ ಆಗುವುದಿಲ್ಲ, ತುಂಡು ಕಾಣುವುದು ಕಡಿಮೆ ಆಗುತ್ತದೆ.

ಪ್ರಶ್ನೆ: ಟಿಕ್ಯೂಎಂ, ಸಿಕ್ಸ್ ಸಿಗ್ಮಾ ಎರಡೂ ಒಂದೇನಾ? ಪರೀಕ್ಷೆಗೆ ಬೇಕು.
– ವಿದ್ಯಾರ್ಥಿ, ಹೊನ್ನಾವರ

ಉತ್ತರ: ಒಂದೇ ಅಲ್ಲ. ಟಿಕ್ಯೂಎಂ (ಟೋಟಲ್ ಕ್ವಾಲಿಟಿ ಮ್ಯಾನೇಜ್‌ಮೆಂಟ್) ಅಂದರೆ ಒಂದು ಮನೋಭಾವ: ಗುಣಮಟ್ಟ ಒಂದು ವಿಭಾಗದ ಕೆಲಸ ಅಲ್ಲ, ಬಾಗಿಲು ಕಾಯುವವರಿಂದ ಹಿಡಿದು ಎಲ್ಲರದ್ದೂ. ಸಿಕ್ಸ್ ಸಿಗ್ಮಾ 1986ರಲ್ಲಿ ಮೊಟೊರೋಲಾದಲ್ಲಿ ಶುರುವಾದ ಅಳತೆಯ ದಾರಿ, ಗುರಿ ತಪ್ಪಾಗಬಹುದಾದ ಹತ್ತು ಲಕ್ಷ ಅವಕಾಶಕ್ಕೆ 3.4 ತಪ್ಪು. ಪರೀಕ್ಷೆಗೆ ಇಷ್ಟು ಸಾಕು.

ಪ್ರಶ್ನೆ: ನಮ್ಮದು ಮೀನು ಶೈತ್ಯೀಕರಣ ಘಟಕ. ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ಬಂದು ಎರಡು ವರ್ಷ ಆಯ್ತು. ಕಪಾಟಿನಲ್ಲಿ ಫೈಲು ಹೆಚ್ಚಾಗಿದ್ದು ಬಿಟ್ಟರೆ ಏನೂ ಬದಲಾಗಿಲ್ಲ. ಇದೆಲ್ಲ ಸುಮ್ನೆ ಶೋ ಅಲ್ವಾ?
– ಓದುಗರು, ಕಾರವಾರ

ಉತ್ತರ: ನೀವು ಮಾಡಿದ ರೀತಿಯಲ್ಲಿ, ಹೌದು, ಶೋ.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆಯೋಣ. ಆ ಸರ್ಟಿಫಿಕೇಟ್ ನಿಮ್ಮ ಮೀನು ಒಳ್ಳೇದು ಅಂತ ಹೇಳುವುದಿಲ್ಲ. ಕೆಲಸವನ್ನು ಒಂದು ಪದ್ಧತಿಯಲ್ಲಿ ನಡೆಸುತ್ತೀರಿ ಅಂತ ಮಾತ್ರ ಹೇಳುತ್ತದೆ. ಅದನ್ನು ಕೊಡುವುದೂ ಜಿನೀವಾದ ಐಎಸ್‌ಒ ಅಲ್ಲ, ಬೇರೆ ತಪಾಸಣಾ ಸಂಸ್ಥೆಗಳು. 1987ರಲ್ಲಿ ಬಂದ ಈ ಮಾನದಂಡ ಹಲವು ಸಲ ಬದಲಾಗಿದೆ. 2015ರ ಪರಿಷ್ಕರಣೆಯಲ್ಲಂತೂ ಗುಣಮಟ್ಟದ ಕೈಪಿಡಿ ಇರಲೇಬೇಕು ಅನ್ನುವ ಕಡ್ಡಾಯವನ್ನೂ ತೆಗೆದರು. ಹಾಗಿರುವಾಗ ಅಷ್ಟು ಫೈಲು ಯಾರು ಕೇಳಿದರು? ಅದರ ಹಿಂದಿರುವುದು ಏಳು ತತ್ವ: ಗ್ರಾಹಕರು, ನಾಯಕತ್ವ, ಜನರನ್ನು ಒಳಗೊಳ್ಳುವುದು, ಕೆಲಸವನ್ನು ಪ್ರಕ್ರಿಯೆಯಾಗಿ ನೋಡುವುದು, ಸುಧಾರಣೆ, ಪುರಾವೆ ನೋಡಿ ತೀರ್ಮಾನ, ಸರಬರಾಜುದಾರರಂಥವರ ಜೊತೆ ಸಂಬಂಧ. ನನ್ನ ಪ್ರಕಾರ ಇದರಲ್ಲಿ ಮೊದಲು ಕೈಕೊಡುವುದು ಪುರಾವೆ.

ನನ್ನದೇ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಘಟಕದಲ್ಲಿ, ಆಡಿಟ್‌ನ ಹಿಂದಿನ ರಾತ್ರಿ ನಾವು ಮೂವರು ಕೂತು ಇಡೀ ತಿಂಗಳ ಉಷ್ಣಾಂಶದ ಪುಸ್ತಕ ತುಂಬಿಸಿದೆವು. ಮೈನಸ್ 18, ಮೈನಸ್ 18, ಮೈನಸ್ 18. ಒಂದೇ ಪೆನ್ನು. ಬೇಜಾರು ಬಂದು ನಡುವೆ ಎರಡು ಕಡೆ ಮೈನಸ್ 17 ಹಾಕಿದ್ದೆವು, ನಿಜ ಕಾಣಲಿ ಅಂತ! ಆಡಿಟರ್ ಪುಸ್ತಕ ತಿರುವಿ, ಸಹಿ ಹಾಕಿ, ಚಹಾ ಕುಡಿದು ಹೋದರು. ಮುಂದಿನ ತಿಂಗಳು ಕಂಪ್ರೆಸರ್ ರಾತ್ರಿ ಹೊತ್ತು ಆಗಾಗ ನಿಲ್ಲುತ್ತಿದ್ದದ್ದು ಮಾಲು ಮೆತ್ತಗಾದ ಮೇಲೇ ಗೊತ್ತಾಯಿತು. ನಿಜವಾದ ಅಂಕಿ ಬರೆದಿದ್ದರೆ ಮೊದಲ ವಾರದಲ್ಲೇ ಕಾಣುತ್ತಿತ್ತು.

ರಾತ್ರಿ ಪಾಳಿಯ ಹುಡುಗ ಮೈನಸ್ 11 ಅಂತ ಬರೆದರೆ ನಿಮ್ಮಲ್ಲಿ ಅವನಿಗೆ ಏನಾಗುತ್ತದೆ? ಬೈಗುಳ ಅಂತಾದರೆ ಅವನು ಎಂದೂ ಮೈನಸ್ 11 ಬರೆಯುವುದಿಲ್ಲ. ಭಯ ಓಡಿಸಿ ಅಂತ ಡೆಮಿಂಗ್ ಬರೆದದ್ದು ಇಂಥದ್ದಕ್ಕೇ. ಟೊಯೊಟಾದ ಕಾರ್ಖಾನೆಗಳಲ್ಲಿ ಏನೋ ಸರಿಯಿಲ್ಲ ಅನ್ನಿಸಿದ ಕೆಲಸಗಾರ ತಾನೇ ಹಗ್ಗ ಎಳೆದು ತಂಡದ ಮುಖ್ಯಸ್ಥನನ್ನು ಕರೆಯಬಹುದು, ಕೂಡಲೇ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಹಗ್ಗ ಎಳೆದದ್ದಕ್ಕೆ ಅವನಿಗೆ ಬೈಗುಳ ಇಲ್ಲ. ನಿಮಗೆ ಹಗ್ಗ ಬೇಡ. ನಾಳೆ ಬೆಳಿಗ್ಗೆ ಫೈಲು ಮುಟ್ಟದೆ ನೇರ ಕೋಲ್ಡ್ ಸ್ಟೋರೇಜಿಗೆ ಹೋಗಿ, ಥರ್ಮಾಮೀಟರ್ ಎಲ್ಲಿದೆ ಅಂತ ಆ ಹುಡುಗನನ್ನು ಕೇಳಿ. ನಮ್ಮಲ್ಲಿ ಅದು ಆರು ತಿಂಗಳಿಂದ ಮ್ಯಾನೇಜರ ಮೇಜಿನ ಡ್ರಾಯರಿನಲ್ಲಿತ್ತು.